ಅಟೆಸ್ಟ್ ಆದ ಡಿಗ್ರಿ ಇದ್ದವರಿಗೆ ಮಾತ್ರ

ನಮ್ಮ ಬಾಸ್ಕೆಟ್‌ಬಾಲ್ ಟೂರ್ನಮೆಂಟಿನ ನಿಯಮಗಳು ಎರಡು ಪುಟಕ್ಕೆ ಮುಗಿಯುತ್ತವೆ. ಅದರಲ್ಲಿ ಏಳನೆಯದು ಹೀಗಿತ್ತು: ‘ಆಟಗಾರರು ನಮ್ಮ ಕಾಲೇಜಿನಲ್ಲಿ ಪದವಿ ಪೂರೈಸಿದವರಾಗಿರಬೇಕು. ಅಟೆಸ್ಟ್ ಆದ ಡಿಗ್ರಿ ಸರ್ಟಿಫಿಕೇಟಿನ ಪ್ರತಿಯನ್ನು ಲಗತ್ತಿಸತಕ್ಕದ್ದು.’ ಬರೆದವನು ನಾನು. ಎಷ್ಟು ಮರ್ಯಾದಸ್ಥ ವಾಕ್ಯ ನೋಡಿ. ಒಬ್ಬನೇ ಒಬ್ಬ ಮನುಷ್ಯನನ್ನು ಹೊರಗಿಡಲು ಬರೆದದ್ದು ಎಂದು ಯಾರಿಗಾದರೂ ಅನ್ನಿಸೀತೇ?

ಯಾರಿಗೂ ಅನ್ನಿಸಲಿಲ್ಲ. ಈ ದೇಶಕ್ಕೆ ಬಂದ ನಮ್ಮವರೆಲ್ಲ ಸರ್ಟಿಫಿಕೇಟಿನ ಬೆನ್ನಿಗೆ ಠಸ್ಸೆಯ ಮೇಲೆ ಠಸ್ಸೆ ಒತ್ತಿಸಿಕೊಂಡೇ ಬಂದವರು. ಊರಿನಲ್ಲೊಂದು, ರಾಯಭಾರ ಕಚೇರಿಯಲ್ಲೊಂದು, ಇಲ್ಲಿನ ಮಂತ್ರಾಲಯದಲ್ಲೊಂದು. ವೀಸಾಕ್ಕೆ, ಬಡ್ತಿಗೆ, ಹೆಂಡತಿಯನ್ನು ಕರೆಸಿಕೊಳ್ಳುವುದಕ್ಕೆ, ಎಲ್ಲದಕ್ಕೂ ಅದೇ ಕಾಗದ ತೋರಿಸಿ ಅಭ್ಯಾಸವಾಗಿದೆ. ಚೆಂಡು ಆಡುವುದಕ್ಕೂ ಅದನ್ನು ಕೇಳಿದರೆ ನಮಗೆ ವಿಚಿತ್ರ ಅನ್ನಿಸುವುದಿಲ್ಲ. ದುಬೈಯ ಕರಾಮದ ಹೋಟೆಲೊಂದರಲ್ಲಿ ಸಮಿತಿಯ ಸಭೆ ನಡೆದಾಗ, ಗೋಳಿಬಜೆ ಮುಗಿಯುವ ಮೊದಲೇ ಏಳನೆಯ ನಿಯಮ ಪಾಸಾಗಿತ್ತು.

ಟೂರ್ನಮೆಂಟಿನ ಕತೆ ಸ್ವಲ್ಪ ಹೇಳಬೇಕು. ಕರಾವಳಿಯ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳು ದುಬೈ, ಅಬುಧಾಬಿ, ಶಾರ್ಜಾದಲ್ಲಿ ಹರಡಿಕೊಂಡಿದ್ದೇವೆ. ವರ್ಷಕ್ಕೊಮ್ಮೆ ಮೂರು ಊರಿನ ಮೂರು ತಂಡಗಳು ಆಡುತ್ತವೆ. ಎಲ್ಲರಿಗೂ ಹೊಟ್ಟೆ ಬಂದಿದೆ, ಎರಡು ಸಲ ಓಡಿದರೆ ಮೂರನೆಯ ಸಲಕ್ಕೆ ನೀರು ಬೇಕು. ಆದರೂ ಆ ಒಂದು ದಿನಕ್ಕಾಗಿ ಮೂರು ತಿಂಗಳು ಜಗಳ. ಕಾರಣ ಇಷ್ಟೇ: ಗೆದ್ದ ಊರಿಗೆ ಮುಂದಿನ ವರ್ಷದ ಆತಿಥ್ಯ. ಗೆದ್ದವರ ಊರಿನಲ್ಲೇ ಅಂಗಳ, ಗೆದ್ದವರ ಬ್ಯಾನರ್, ಗೆದ್ದವರ ಕೈಯಲ್ಲೇ ಮೈಕು, ಗೆದ್ದವರು ಹೇಳಿದ ಅಡುಗೆಯವರಿಂದಲೇ ಕೋರಿರೊಟ್ಟಿ. ಸತತವಾಗಿ ಅಬುಧಾಬಿಯವರು ಗೆಲ್ಲುತ್ತಿದ್ದರು. ನಮ್ಮದು ಅಬುಧಾಬಿಗೆ ಉಣ್ಣಲು ಹೋಗುವ ತಂಡ ಎಂದು ನನ್ನ ಹೆಂಡತಿಯೇ ಹಾಸ್ಯ ಮಾಡುತ್ತಿದ್ದಳು. ನಾನು ಕಾರ್ಯದರ್ಶಿ. ಆಟದಲ್ಲಿ ಅಷ್ಟಕ್ಕಷ್ಟೆ, ಮೈಕು ಹಿಡಿಯುವುದರಲ್ಲಿ ಮಾತ್ರ ಮುಂದು. ಒಂದು ಸಲ ದುಬೈಯಲ್ಲಿ ಆ ಮೈಕು ಹಿಡಿಯಬೇಕೆಂಬ ಆಸೆ ನನಗೆ ಹುಚ್ಚಿನ ಹಾಗೆ ಹಿಡಿದಿತ್ತು.

ಎರಡು ವರ್ಷದ ಹಿಂದೆ ಅಬುಧಾಬಿ ತಂಡದ ಕ್ಯಾಪ್ಟನ್ ವಾಟ್ಸಾಪ್ ಗುಂಪಿಗೆ ಒಂದು ವೀಡಿಯೊ ಹಾಕಿದ. ಹೊಸ ಆಟಗಾರ ಸಿಕ್ಕಿದ್ದಾನೆ, ದುಬೈಯವರು ಜಾಗ್ರತೆ ಎಂದು ಕೆಳಗೆ ಬರೆದಿದ್ದ. ಯಾವುದೋ ಕಟ್ಟಡದ ಹಿಂದಿನ ಅಂಗಳದಲ್ಲಿ, ಡ್ರೈವರ್ ಯೂನಿಫಾರ್ಮಿನಲ್ಲೇ, ಕೂದಲು ನೆರೆತ ಒಬ್ಬ ಮನುಷ್ಯ ಎಡಗೈಯಲ್ಲಿ ಚೆಂಡು ಹಾಕುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ. ಎಡಗೈ ಮಣಿಕಟ್ಟು ಕೊನೆಗೆ ಮಡಚುವ ರೀತಿ ನೋಡಿದ್ದೇ ನನಗೆ ಗುರುತು ಹತ್ತಿತು.

ಅವನು ಹಾಸ್ಟೆಲಿನಲ್ಲಿ ನನ್ನ ರೂಮಿನವನು. ಅವನ ಮನೆಮಾತು ಬ್ಯಾರಿ, ನನ್ನದು ತುಳು. ನಡುವೆ ಹಾಸ್ಟೆಲಿನ ಕನ್ನಡದಲ್ಲೇ ನಮ್ಮ ಮಾತು. ಕಾಲೇಜಿನಲ್ಲಿ ಅವನಂಥ ಆಟಗಾರ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಕೊನೆಯ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ನಮ್ಮಲ್ಲಿಂದ ಆಯ್ಕೆಯಾದವನು ಅವನೊಬ್ಬನೇ. ಕ್ಯಾಂಪು, ಪಂದ್ಯ ಎಂದು ಐದು ವಾರ ತರಗತಿ ತಪ್ಪಿತು. ಅಂಥವರಿಗೆ ಹಾಜರಿ ಕೊಡಿ ಎಂದು ಕ್ರೀಡಾ ಮೇಷ್ಟರು ಒಂದು ಪತ್ರ ಬರೆದುಕೊಡುತ್ತಿದ್ದರು. ಅದು ಆಫೀಸಿಗೆ ಸೇರಿದರೆ ಆಯಿತು, ಹಾಜರಿ ಭರ್ತಿ. ಅವನಿನ್ನೂ ಕ್ಯಾಂಪಿನಿಂದ ಬಂದಿರಲಿಲ್ಲ. ಮೇಷ್ಟರು ಪತ್ರವನ್ನು ನನ್ನ ಕೈಗೆ ಕೊಟ್ಟು, ಇವತ್ತೇ ಆಫೀಸಿಗೆ ಮುಟ್ಟಿಸು ಎಂದರು. ನಾನು ಬ್ಯಾಗಿಗೆ ಹಾಕಿಕೊಂಡೆ.

ಅಲ್ಲಿಯೇ ಉಳಿಯಿತು. ನಾನು ಅದನ್ನು ಶುದ್ಧವಾಗಿ ಮರೆತುಬಿಟ್ಟೆ. ಹಾಜರಿ ಕಡಿಮೆಯಾದವರ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು, ಅದರಲ್ಲಿ ಅವನ ಹೆಸರಿತ್ತು. ರೂಮಿಗೆ ಓಡಿ ಬ್ಯಾಗು ಕೊಡವಿದರೆ ರೆಕಾರ್ಡ್ ಪುಸ್ತಕದ ನಡುವಿನಿಂದ ಪತ್ರ ಬಿತ್ತು. ಆಗಲೇ ಹಿಡಿದುಕೊಂಡು ಪ್ರಿನ್ಸಿಪಾಲರ ಹತ್ತಿರ ಹೋಗಿದ್ದರೆ ಬೈಸಿಕೊಳ್ಳುತ್ತಿದ್ದೆ, ಅವನ ಪರೀಕ್ಷೆ ಉಳಿಯುತ್ತಿತ್ತೋ ಏನೋ. ಹೋಗಲಿಲ್ಲ. ಹರಿದು ಬಾತ್‌ರೂಮಿನಲ್ಲಿ ಹಾಕಿ ನೀರು ಬಿಟ್ಟೆ. ಸಂಜೆ ಅವನು ಬಂದು ಕೇಳಿದಾಗ, ಅವತ್ತೇ ಕೊಟ್ಟಿದ್ದೇನಲ್ಲ, ಆಫೀಸಿನವರೇ ಕಳೆದಿರಬೇಕು ಎಂದೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ.

ಅವನು ಮರುದಿನ ಆಫೀಸಿಗೆ ಹೋಗಿ ಬಂದ. ಬಂದವನು ಪೆಟ್ಟಿಗೆ ಕಟ್ಟಿದ. ಮುಂದಿನ ವರ್ಷ ಪರೀಕ್ಷೆ ಬರೆಯುತ್ತಾನೆ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಅವನ ಮಾವ ಅಬುಧಾಬಿಯಲ್ಲಿದ್ದರು. ಮುಂದಿನ ವರ್ಷ ಬರುವುದರೊಳಗೆ ಅವನು ಇಲ್ಲಿ ವ್ಯಾನು ಓಡಿಸುತ್ತಿದ್ದ. ನಾನು ಡಿಗ್ರಿ ಹಿಡಿದುಕೊಂಡು ದುಬೈಗೆ ಬಂದೆ, ಕಾರ್ಗೋ ಕಂಪನಿಯಲ್ಲಿ ಮ್ಯಾನೇಜರ್ ಆದೆ. ಒಂದೂವರೆ ಗಂಟೆಯ ದಾರಿ. ಇಪ್ಪತ್ತು ವರ್ಷ ನಾನು ಅವನನ್ನು ಹುಡುಕಲಿಲ್ಲ.

ವೀಡಿಯೊ ನೋಡಿದ ವಾರವೇ ಸಭೆ ಕರೆದೆ. ಟೂರ್ನಮೆಂಟಿನ ಮಟ್ಟ ಕಾಪಾಡಬೇಕು, ಕಂಡಕಂಡವರೆಲ್ಲ ಹಳೆ ವಿದ್ಯಾರ್ಥಿ ಎಂದು ನುಗ್ಗಬಾರದು ಎಂದೆಲ್ಲ ಭಾಷಣ ಬಿಗಿದೆ. ನಿಯಮ ಪಾಸಾಯಿತು. ಅಬುಧಾಬಿಯ ಕ್ಯಾಪ್ಟನ್ ಫೋನು ಮಾಡಿ, ಪಾಪ, ಮೂರು ವರ್ಷ ಅಲ್ಲೇ ಓದಿದವನು, ಕೊನೆಯ ಪರೀಕ್ಷೆಯೊಂದು ಬರೆದಿಲ್ಲ, ಒಬ್ಬನಿಗೆ ಬಿಡಬಹುದಲ್ಲ ಎಂದು ಬೇಡಿಕೊಂಡ. ರೂಲ್ ಅಂದರೆ ರೂಲ್ ಎಂದೆ. ಈ ಬಾಯಿಂದಲೇ.

ಆ ವರ್ಷ ಅಬುಧಾಬಿಯಲ್ಲಿ ನಾವು ಗೆದ್ದೆವು. ಅವನೂ ಬಂದಿದ್ದ, ಮೇಜಿನ ಹಿಂದೆ ಕುಳಿತು ಸ್ಕೋರ್ ಬೋರ್ಡಿನ ಹಾಳೆ ತಿರುಗಿಸುತ್ತಿದ್ದ. ನಮ್ಮ ಒಂದೊಂದು ಪಾಯಿಂಟನ್ನೂ ಅವನೇ ತಿರುಗಿಸಿದ. ಕೊನೆಗೆ ನನ್ನ ಹತ್ತಿರ ಬಂದು ಕೈಕುಲುಕಿ, ಹೆಂಡತಿ ಮಕ್ಕಳು ಸೌಖ್ಯವೇ ಎಂದು ಕೇಳಿದ. ನಾನು ಯಾರೋ ಕರೆದರು ಎನ್ನುವ ಹಾಗೆ ತಿರುಗಿ ಹೋದೆ. ಯಾರೂ ಕರೆದಿರಲಿಲ್ಲ.

ಮರುವರ್ಷ ದುಬೈಯಲ್ಲಿ ಆತಿಥ್ಯ. ಮೈಕು ನನ್ನ ಕೈಗೆ ಬಂತು, ಮತ್ತೆ ಗೆದ್ದೆವು. ಹಾಗಾಗಿ ಈ ವರ್ಷದ ಆತಿಥ್ಯವೂ ದುಬೈಯದೇ.

ಈ ನಡುವೆ ನನ್ನ ಹನ್ನೆರಡು ವರ್ಷದ ಮಗಳಿಗೆ ಬೇಸ್‌ಬಾಲ್ ಹಿಡಿಯಿತು. ಅದು ಕ್ರಿಕೆಟಿನ ದೂರದ ದಾಯಾದಿ ಎನ್ನುವುದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ಅವಳ ಶಾಲೆಯಲ್ಲಿ ಅಮೆರಿಕದ ಒಬ್ಬ ಕೋಚ್ ಇದ್ದಾನೆ. ಸೀಸನ್ನು ಶುರುವಾಗುವ ಮೊದಲು ಎರಡು ತಿಂಗಳು ದುಬೈಯ ಇನ್ನೊಂದು ಬದಿಯ ಮಿರ್ದಿಫ್‌ನ ಮೈದಾನದಲ್ಲಿ ಅಭ್ಯಾಸ. ಉಳಿದ ಮಕ್ಕಳೆಲ್ಲ ಅಲ್ಲೇ ಸುತ್ತಮುತ್ತಲಿನ ವಿಲ್ಲಾಗಳವರು, ಕಾರಿನಲ್ಲಿ ಬರುತ್ತಾರೆ. ನಾವಿರುವ ಕರಾಮದ ಕಡೆಯಿಂದ ಶಾಲೆಯ ಬಸ್ಸಿನಲ್ಲಿ ಹೋಗುವವಳು ಇವಳೊಬ್ಬಳೇ. ಹೊಸ ಡ್ರೈವರ್ ಅಂಕಲ್ ತನಗೆ ಚೆಂಡು ಎಸೆಯುವಾಗ ಮಣಿಕಟ್ಟು ಹೇಗೆ ಮಡಚಬೇಕೆಂದು ಹೇಳಿಕೊಟ್ಟರು ಎಂದು ಒಂದು ದಿನ ತೋರಿಸಿದಳು. ಪುಟ್ಟ ಕೈ ಕೊನೆಗೆ ಮಡಚಿದ ರೀತಿ ನೋಡಿ ನಾನು ಚಹಾದ ಕಪ್ಪು ಕೆಳಗಿಟ್ಟೆ. ಅವನು ಅಬುಧಾಬಿ ಬಿಟ್ಟು ಈ ಬಸ್ಸಿಗೆ ಬಂದು ತಿಂಗಳಾಗಿತ್ತಂತೆ.

“ಪಪ್ಪ, ಹಿ ಸೇಸ್ ನೀವು ರೂಮ್‌ಮೇಟ್ಸ್ ಅಂತ. ನೀವು ಯಾಕೆ ಹೇಳ್ಲೇ ಇಲ್ಲ?” ಎಂದು ಕೇಳಿದಳು.

ಹೌದೌದು ಎಂದು ಎದ್ದು ಹೋದೆ. ಆಮೇಲೆ ಕೆಲವು ಸಂಜೆ ಅವಳನ್ನು ಮೈದಾನದಿಂದ ನಾನೇ ಕರೆತರಲು ಹೋದಾಗಲೆಲ್ಲ ಬಸ್ಸು ಹೊರಟ ಮೇಲೆಯೇ ಗೇಟಿನ ಹತ್ತಿರ ಹೋಗುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗೆ.

ಒಂದು ಸಂಜೆ ಗೇಟಿನಲ್ಲಿ ಕೋಚ್ ಸಿಕ್ಕಿದ. ನಾನು ಕಾಲೇಜು ಟೂರ್ನಮೆಂಟ್ ನಡೆಸುತ್ತೇನೆಂದು ಮಗಳು ಹೇಳಿದ್ದಳಂತೆ. ತನ್ನ ದೇಶದಲ್ಲಿ ಕಾಲೇಜು ಬಾಸ್ಕೆಟ್‌ಬಾಲಿನ ಪಂದ್ಯ ನಮ್ಮ ಊರಿನಲ್ಲಾಗಲಿ, ನಮ್ಮ ಊರಿನಲ್ಲಾಗಲಿ ಎಂದು ನಗರಗಳೇ ವರ್ಷಗಟ್ಟಲೆ ಮೊದಲು ಪೈಪೋಟಿಗೆ ನಿಲ್ಲುತ್ತವೆ ಎಂದ. ನಾನು ಉಬ್ಬಿಹೋದೆ. ನಮ್ಮಲ್ಲೂ ಹಾಗೆಯೇ ಎಂದು ದುಬೈ, ಅಬುಧಾಬಿಯ ಜಗಳವನ್ನು ವರ್ಣಿಸಿದೆ. ಉಬ್ಬಿದ ಭರದಲ್ಲಿ, ಡಿಗ್ರಿ ಮುಗಿಸಿದವರಿಗೆ ಮಾತ್ರ ಅವಕಾಶ ಎಂದೂ ಸೇರಿಸಿದೆ. ಅವನು ನಕ್ಕುಬಿಟ್ಟ. ತಮ್ಮಲ್ಲಿ ಉಲ್ಟಾ, ಡಿಗ್ರಿ ಮುಗಿಯದವರೇ ಆಡುವುದು ಎಂದ. ತಮಾಷೆಗೆ ಹೇಳಿದ್ದು. ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಕಿವಿ ಬಿಸಿಯಾಗಿತ್ತು.

ಸೀಸನ್ನಿಗೆ ಎರಡು ವಾರ ಇರುವಾಗ ಮಗಳು ಅಳುತ್ತಾ ಬಂದಳು. ಮೂರಕ್ಕಿಂತ ಹೆಚ್ಚು ದಿನ ಅಭ್ಯಾಸ ತಪ್ಪಿಸಿದವರಿಗೆ ತಂಡದಲ್ಲಿ ಜಾಗವಿಲ್ಲ ಎಂದು ಕೋಚ್ ಮೊದಲೇ ಹೇಳಿದ್ದ. ಇವಳ ಹೆಸರಿನ ಮುಂದೆ ನಾಲ್ಕು ಗೈರುಹಾಜರಿ ಬಿದ್ದಿತ್ತು. ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ದಾರಿಯಲ್ಲಿ ರಸ್ತೆ ಅಗೆದು ಹಾಕಿದ್ದರಿಂದ ನಾಲ್ಕು ದಿನ ಬಸ್ಸು ಹಾಜರಿ ಮುಗಿದ ಮೇಲೆ ಮುಟ್ಟಿತ್ತು, ಅಷ್ಟೆ. ನಾನು ರೇಗಿಕೊಂಡು ಕೋಚ್‌ಗೆ ಫೋನು ಮಾಡಿದೆ. ಅವನು ಸಮಾಧಾನದಿಂದಲೇ, ನಿಯಮ ಎಲ್ಲರಿಗೂ ಒಂದೇ, ಬಸ್ಸು ತಡವಾದದ್ದಕ್ಕೆ ಬರವಣಿಗೆಯಲ್ಲಿ ಏನಾದರೂ ಇದ್ದರೆ ಗುರುವಾರ ಪಟ್ಟಿ ಹಾಕುವ ಮೊದಲು ಕೊಡಿ ಎಂದ.

ಬರವಣಿಗೆ ಇದ್ದದ್ದು ಒಂದೇ ಕಡೆ. ಯಾವ ಮಗು ಎಷ್ಟು ಗಂಟೆಗೆ ಹತ್ತಿತು, ಎಷ್ಟಕ್ಕೆ ಇಳಿಯಿತು ಎಂದು ಡ್ರೈವರ್ ದಿನವೂ ಟ್ರಿಪ್ ಶೀಟಿನಲ್ಲಿ ಬರೆಯಬೇಕು. ಅದು ಅವನ ಕೈಯಲ್ಲಿತ್ತು.

ಹೆಂಡತಿಯನ್ನು ಕಳಿಸೋಣವೇ ಎಂದು ಯೋಚಿಸಿದೆ. ಥೂ, ಅದನ್ನೂ ಯೋಚಿಸಿದೆ. ಕೊನೆಗೆ ಗುರುವಾರ ಮಧ್ಯಾಹ್ನ ಆಫೀಸಿಗೆ ರಜೆ ಹೇಳಿ, ಮೈದಾನದ ಪಕ್ಕದಲ್ಲಿ ಬಸ್ಸುಗಳು ನಿಲ್ಲುವಲ್ಲಿಗೆ ನಾನೇ ಹೋದೆ. ಅವನು ಬಸ್ಸಿನ ಮೆಟ್ಟಿಲ ಮೇಲೆ ಕುಳಿತು ಟಿಫಿನ್ ಬಾಕ್ಸ್ ತೊಳೆಯುತ್ತಿದ್ದ. ನನ್ನನ್ನು ನೋಡಿ ಎದ್ದ, ಕೈ ಒರೆಸಿಕೊಂಡ. ನಾನು ವಿಷಯ ಶುರುಮಾಡುವ ಮೊದಲೇ ಡ್ಯಾಶ್‌ಬೋರ್ಡಿನಿಂದ ಒಂದು ಕವರು ತಂದ. ನಾಲ್ಕೂ ದಿನದ ಶೀಟಿನ ಪ್ರತಿ, ಮೇಲೆ ಅವನ ಸೂಪರ್‌ವೈಸರ್‌ನ ಸಹಿ, ಸೀಲು. ಮಗಳು ಬಸ್ಸಿನಲ್ಲಿ ಅತ್ತದ್ದನ್ನು ನೋಡಿ ಎರಡು ದಿನ ಮೊದಲೇ ತಯಾರು ಮಾಡಿಸಿ ಇಟ್ಟಿದ್ದನಂತೆ.

ನಾನು ಕವರು ತೆಗೆದುಕೊಂಡು, ಅಭ್ಯಾಸಬಲದಿಂದ ಹೆಗಲ ಬ್ಯಾಗಿನ ಜಿಪ್ಪು ಎಳೆದೆ.

“ಬ್ಯಾಗಿಗೆ ಹಾಕ್ಬೇಡ ಮಾರಾಯ,” ಎಂದ. “ಕೈಯಲ್ಲೇ ಹಿಡ್ಕೊಂಡು ಹೋಗು.”

ಧ್ವನಿಯಲ್ಲಿ ಕೊಂಕು ಇರಲಿಲ್ಲ. ಆದರೆ ನನಗೆ ತಿಳಿಯಿತು. ನಿನಗೆ ಗೊತ್ತಿತ್ತಾ ಎಂದು ಕೇಳಿದೆ.

“ಅವತ್ತೇ ಗೊತ್ತಾಗಿತ್ತು. ಆಫೀಸಿನ ಕ್ಲರ್ಕು ಇನ್‌ವರ್ಡ್ ಬುಕ್ಕು ತೆಗ್ದು ತೋರಿಸಿದ್ರು. ಆ ವಾರ ಬಂದ ಕಾಗದ ಎಲ್ಲ ಅದ್ರಲ್ಲಿ ಉಂಟು, ನಂದೊಂದು ಇಲ್ಲ.”

ಯಾಕೆ ಕೇಳಲಿಲ್ಲ, ಯಾಕೆ ಬೈಯಲಿಲ್ಲ ಎಂದೇನೋ ತೊದಲಿದೆ. ಅವನು ಟಿಫಿನ್ ಬಾಕ್ಸಿನ ಮುಚ್ಚಳ ಹಾಕಿದ.

“ಮರ್ತದ್ದಕ್ಕೆ ಎಂತ ಬೈಯ್ಲಿಕ್ಕುಂಟು? ಮನುಷ್ಯ ಅಲ್ವಾ, ಮರೀತಾನೆ. ಸುಳ್ಳು ಹೇಳಿದ್ದೂ ಹೆದರಿ ಹೇಳಿದ್ದು, ಹುಡುಗ ಪ್ರಾಯ. ಆದ್ರೆ ಆ ರೂಲು ಬರ್ದದ್ದು,” ಎಂದು ಬಾಕ್ಸನ್ನು ಮೆಟ್ಟಿಲ ಮೇಲಿಟ್ಟ. “ಅದು ಮರ್ತು ಬರ್ದದ್ದಲ್ಲ ಅಲ್ವಾ.”

ನಾನು ತಲೆಯೆತ್ತಲಿಲ್ಲ. ಅಲ್ಲ ಎಂದೆ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ನಿಜ ಅದೊಂದೇ ಶಬ್ದ.

“ಹೋಗು, ಹೊತ್ತಾಯ್ತು,” ಎಂದ. “ಪಟ್ಟಿ ಹಾಕಿಬಿಡ್ತಾರೆ.”

ಬಸ್ಸಿನಿಂದ ಕೋಚ್‌ನ ಕೋಣೆಗೆ ಮೈದಾನ ಸುತ್ತಿ ಹೋಗಬೇಕು. ಕವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದೆ. ಬಿಸಿಲಿಗೂ ಬೆವರಿಗೂ ಅದರ ಅಂಚು ಒದ್ದೆಯಾಗಿ ಮುದುಡಿತು. ಕೋಚ್ ಓದಿ, ಪೆನ್ನಿನಿಂದ ನಾಲ್ಕು ಗೈರುಹಾಜರಿಯನ್ನು ಹೊಡೆದುಹಾಕಿ ಮಗಳ ಹೆಸರು ಸೇರಿಸಿದ. ಎರಡು ನಿಮಿಷದ ಕೆಲಸ. ಒಂದು ಕಾಗದವನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಮುಟ್ಟಿಸುವುದು ಇಷ್ಟೇ ಇಷ್ಟು ಸುಲಭ ಎಂದು ತಿಳಿದು ನನಗೆ ಅಲ್ಲಿಯೇ ಅಳು ಬಂತು. ಮಗಳ ಖುಷಿಗೆ ಕಣ್ಣೀರು ಎಂದು ಕೋಚ್ ನನ್ನ ಬೆನ್ನು ತಟ್ಟಿದ.

ಮರುದಿನ ಸಮಿತಿಯ ಗುಂಪಿಗೆ ಬರೆದೆ: ಏಳನೆಯ ನಿಯಮ ತೆಗೆದುಹಾಕೋಣ, ಕಾಲೇಜಿನಲ್ಲಿ ಓದಿದವರೆಲ್ಲ ಆಡಲಿ. ಹತ್ತು ನಿಮಿಷದಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರು. ಒಬ್ಬ ಖಲಾಸ್ ಎಂದು ಬರೆದ. ಇದನ್ನು ಯಾರು, ಯಾಕೆ ಸೇರಿಸಿದ್ದು ಎಂದು ಯಾರೂ ಕೇಳಲಿಲ್ಲ. ಕೇಳದ್ದರಿಂದ ನಾನೂ ಹೇಳಲಿಲ್ಲ. ಬರೆದು ಅಳಿಸಿದೆ, ಮತ್ತೆ ಬರೆದು ಅಳಿಸಿದೆ. ಈ ಹೊತ್ತಿನವರೆಗೂ ಅವರಿಗೆ ಗೊತ್ತಿಲ್ಲ.

ಅವನಿಗೆ ಮಾತ್ರ ಫೋನು ಮಾಡಿದೆ. ನಿಯಮ ತೆಗೆದಿದ್ದೇವೆ, ಈಗ ನೀನು ದುಬೈಯವನು, ನಮ್ಮ ತಂಡಕ್ಕೇ ಆಡಬೇಕು ಎಂದೆ. ಹೇಳುವಾಗ ದೊಡ್ಡ ಉಪಕಾರ ಮಾಡುವವನ ಧಾಟಿ ನನ್ನ ಧ್ವನಿಯಲ್ಲಿ ಇತ್ತು, ಅದು ನನಗೇ ಕೇಳಿಸಿತು. ಅವನು ತಾರೀಕು ಕೇಳಿದ. ಹೇಳಿದೆ. ಆ ಶನಿವಾರವನ್ನು ಎರಡು ತಿಂಗಳ ಹಿಂದೆ ನಿಗದಿ ಮಾಡಿದವನೂ ನಾನೇ, ಮನೆಯಲ್ಲಿ ಯಾರನ್ನೂ ಕೇಳದೆ.

“ಅವತ್ತು ಆಗುದಿಲ್ಲ ಮಾರಾಯ,” ಎಂದ. “ನಂಗೆ ಅಬುಧಾಬಿಗೆ ಟ್ರಿಪ್ ಉಂಟು. ಬೇಸ್‌ಬಾಲ್ ಸೀಸನ್ನಿನ ಫಸ್ಟ್ ಮ್ಯಾಚು, ನಿನ್ನ ಮಗಳದ್ದು. ನಿಂಗೆ ಗೊತ್ತಿಲ್ವಾ?”