ರೀವನ ಗೂಡಿಗೆ ಐದು ಬಿಳಿ ಕಲ್ಲು

ಸಮುದ್ರ ನೋಡಬೇಕೆಂದರೆ ನಮ್ಮ ಕಡೆಯವರು ಗೋವಾಕ್ಕೆ ಓಡುತ್ತಾರೆ. ಹತ್ತರಗಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಹಿಡಕಲ್ ಹಿನ್ನೀರೇ ಸಾಕು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಯಲಾಗುವ ದಂಡೆಯಲ್ಲಿ ಅಡ್ಡಾಡುವುದು ನನ್ನ ಭಾನುವಾರದ ಚಟ.

ಕಳೆದ ಏಪ್ರಿಲ್‌ನಲ್ಲಿ ಹಾಗೆ ನಡೆಯುತ್ತಿದ್ದಾಗ ಹಕ್ಕಿಯೊಂದು ನೇರ ನನ್ನ ತಲೆಗೇ ಎರಗಿ ಬಂತು. ಕರಿ ಟೊಪ್ಪಿಗೆ, ಹಳದಿ ಕೊಕ್ಕು: ಹೊಳೆಯ ರೀವ. ಕಾಲ ಬುಡದಲ್ಲಿ ನೋಡಿದರೆ ಗೂಡು ಗೀಡು ಏನೂ ಇಲ್ಲ, ಬರೀ ನೆಲದ ಮೇಲೆ ಕಲ್ಲಿನ ಬಣ್ಣದ ಎರಡು ಮೊಟ್ಟೆ. ಹುಡುಕಿದಾಗ ಇನ್ನೂ ಎರಡು ಜೋಡಿ ಸಿಕ್ಕವು. ಅಮೆರಿಕ ಕಂಡುಹಿಡಿದವನಿಗೂ ಅಷ್ಟು ಜಂಬ ಬಂದಿರಲಿಕ್ಕಿಲ್ಲ.

ಆದರೆ ಮಧ್ಯಾಹ್ನ ಅದೇ ದಂಡೆಗೆ ಕುರಿಹಿಂಡು ನೀರಿಗೆ ಇಳಿಯುತ್ತದೆ. ತುಳಿದರೆ ಮುಗಿಯಿತು. ಮರುದಿನವೇ ಡಬ್ಬಿಯಲ್ಲಿ ಸುಣ್ಣ ಕಲಸಿಕೊಂಡು ಹೋದೆ. ಒಂದೊಂದು ಜೋಡಿ ಮೊಟ್ಟೆಯ ಸುತ್ತ ಐದೈದು ಕಲ್ಲಿಟ್ಟು ಬಳಿದೆ. ಕುರಿ ಕಾಯುವವರ ಕಣ್ಣಿಗೆ ದೂರದಿಂದಲೇ ಕಾಣಲಿ ಎಂಬ ಬುದ್ಧಿವಂತಿಕೆ.

ಮುಂದಿನ ಭಾನುವಾರ ಹೋದರೆ ಕಲ್ಲೆಲ್ಲ ಅರಿಸಿನದ ಭಂಡಾರ ಬಳಿದು ಹಳದಿಯಾಗಿದ್ದವು. ಸುತ್ತ ಒಡೆದ ತೆಂಗಿನಕಾಯಿಯ ಚೂರು, ನೈವೇದ್ಯದ ಹೋಳಿಗೆ, ಅದಕ್ಕೆ ಮುತ್ತಿದ ಕಾಗೆಗಳು. ಎರಡು ಕಡೆ ಮೊಟ್ಟೆಗಳೇ ಇರಲಿಲ್ಲ. ಮೂರನೆಯ ಕಡೆ ಮಾತ್ರ ಉಳಿದಿದ್ದವು.

ಅಲ್ಲೇ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರ ಮೇಲೆ ಹರಿಹಾಯ್ದೆ. “ಯಾರ್ರೀ ಇಲ್ಲಿ ಕಾಯಿ ಒಡದವ್ರು?”

“ನಾವ ರೀ. ಐದ ಕಲ್ಲಿಗೆ ಸುಣ್ಣ ಹಚ್ಚಿ ಇಟ್ರ ಪಾಂಡವ್ರಲ್ಲೇನ್ರಿ? ಯಾರೋ ಪೂಜಿ ಮಾಡ್ಯಾರಂತ ನಾವೂ ಮಾಡಿದ್ವಿ.”

ಕೊಣ್ಣೂರಿನ ನಮ್ಮ ಹೊಲದಲ್ಲೂ ಶೀಗಿ ಹುಣ್ಣಿಮೆಗೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದೇ ಪೂಜೆ. ಅದನ್ನು ಮರೆತವಳು ನಾನು, ಬೈದದ್ದು ಅವರನ್ನು. ತುಂಬ ನಾಚಿಕೆಯಾಯಿತು.

“ತತ್ತಿ ಇರೂದ ನಮಗ ಗೊತ್ತೈತ್ರಿ,” ಅಂದರು ಅವರು. “ವರ್ಷಾ ಇಡ್ತಾವು. ಆಡ ಮುಂದ ಮಾಡಿ, ತತ್ತಿ ಬಿಟ್ಟು ಕುರಿ ಬಾಜೂಲೆ ಹೊಡಕೊಂಡ ಹೋಗ್ತೀವಿ. ಈ ಸಲ ಪಾಂಡವ್ರ ಕಾಯ್ತಾರಂತ ನಾವು ನೋಡೂದ ಬಿಟ್ವಿ.”

ಇಬ್ಬರೂ ಸೇರಿ ಕಲ್ಲುಗಳನ್ನು ದೂರ ಒಯ್ದು ಹಾಕಿದೆವು. ಕಾಯಿಚೂರು, ಹೋಳಿಗೆ ಎಲ್ಲ ಆರಿಸಿ ನನ್ನ ಚೀಲಕ್ಕೆ ತುಂಬಿದೆವು. ಮೊಟ್ಟೆ ಬಿಸಿಲಲ್ಲಿದ್ದವು, ತಾಯಿ ಹಕ್ಕಿ ಮೇಲೆ ಕಿರುಚುತ್ತಲೇ ಇತ್ತು.

“ಈಗ ನಾ ಏನ್ ಮಾಡ್ಲಿ ಕಾಕಾ?”

“ನೀವು ಬರಬ್ಯಾಡ್ರಿ. ನೀವು ನಿಂತ್ರ ಹಕ್ಕಿ ಕೂಡೂದಿಲ್ಲ. ನಾ ನೋಡ್ಕೋತೀನಿ, ಫೋನ್ ಹಚ್ತೀನಿ.”

ಆಮೇಲಿನ ಏಳು ಭಾನುವಾರ ಮನೆಯಲ್ಲೇ ಉಳಿದೆ. ಒರೆಸಿದ ಕಪಾಟನ್ನೇ ಒರೆಸಿದೆ, ಗಂಡನ ತಲೆ ತಿಂದೆ. ಆ ಎರಡು ಮೊಟ್ಟೆಯೂ ಹೋದರೆ ಮೂರು ಸಂಸಾರ ಕೆಡಿಸಿದ ಪಾಪ ನನ್ನದೇ ಎಂಬ ಯೋಚನೆ ಬೆನ್ನು ಬಿಡಲಿಲ್ಲ.

ಜೂನಿನಲ್ಲಿ, ಶಾಲೆ ಶುರುವಾದ ವಾರ, ಕಾಕಾನ ಫೋನು ಬಂತು.

“ಎರಡೂ ಮರಿ ಹಾರ್ಯಾವ್ರಿ ಅಕ್ಕೋರ. ಇನ್ನ ನೀವು ಬಂದ್ರ ನಡೀತೈತಿ.”