ಚಿತ್ರದ ಹುಡುಗಿಗೆ ಮಡಿಲಕ್ಕಿ

ದೆವ್ವ, ಶಕುನ, ಹರಕೆ ಎಂದರೆ ನಗುತ್ತಿದ್ದವನು ನಾನು. ಮೂವತ್ತರ ದಶಕದಲ್ಲಿ ಮಳವಳ್ಳಿಯಲ್ಲಿ ಮೇಷ್ಟರಾಗಿದ್ದಾಗ ನಡೆದದ್ದನ್ನು ಹೇಳುತ್ತೇನೆ; ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾಲೆ ಕೆಲಸಕ್ಕೆ ಬಂದಿದ್ದ ಬಿಳಿಯ ದೊರೆಯೊಬ್ಬರು ಊರು ಬಿಡುವಾಗ ನನಗೊಂದು ತೈಲಚಿತ್ರ ಕೊಟ್ಟಿದ್ದರು. ಇಟಲಿಯದು, ಇನ್ನೂರು ವರ್ಷಕ್ಕೂ ಹಳೆಯದು ಎಂದಿದ್ದರು. ಗ್ರೀಕರ ಪುರಾಣದ ಕಥೆ: ಹೂ ಬಿಡಿಸುತ್ತಿದ್ದ ಹುಡುಗಿಯನ್ನು ಪಾತಾಳದ ಅರಸ ರಥದಲ್ಲಿ ಹೊತ್ತೊಯ್ಯುತ್ತಿದ್ದಾನೆ. ಸುತ್ತ ಕಾಡಿಗೆಯಂಥ ಕತ್ತಲೆ, ಹುಡುಗಿಯ ಮೇಲೆ ಮಾತ್ರ ಬೆಳಕು. ಮಡಿಲಿನ ಹೂವೆಲ್ಲ ಚೆಲ್ಲಿಹೋಗಿದೆ. ನಡುಮನೆಯ ಗೂಡಿನ ಮೇಲೆ ಅದನ್ನು ತೂಗುಹಾಕಿದ್ದೆ.

ಮನೆಗೆಲಸದ ಕೆಂಪಮ್ಮ ಬಂಡೂರಿನ ಕಡೆಯವಳು. ಅವಳು ಅದನ್ನು ಮದುವೆ ದಿಬ್ಬಣವೆಂದೇ ತಿಳಿದಳು. “ಅಳ್ತಾ ಓಯ್ತಾವ್ಳಲ್ಲ ಮೇಷ್ಟ್ರೇ! ಒಂದಿಡಿ ಅಕ್ಕಿನೂ ಕಟ್ಟಿಲ್ಲ, ಬರೀ ಮಡ್ಲಲ್ಲಿ ಕಳ್ಸವ್ರೆ. ಅದೆಂಥಾ ತವರೋ!” ಎಂದು ಲೊಚಗುಟ್ಟಿದಳು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಆ ವರ್ಷ ನಾಲೆಯ ನೀರಿನ ಜೊತೆಗೆ ಚಳಿಜ್ವರವೂ ಬಂತು. ಹೆಂಡತಿ ಹೆರಿಗೆಗೆಂದು ಮದ್ದೂರಿನ ತವರಿಗೆ ಹೋಗಿದ್ದಳು. ನಮ್ಮ ಪುಟ್ಟಿ, ಇನ್ನೂ ಸಣ್ಣ ಮಗು, ಹಾಸಿಗೆ ಹಿಡಿದಳು. ಡಾಕ್ಟರು ಕ್ವಿನೈನು ಕೊಟ್ಟು, ಇವತ್ತೊಂದು ದಿನ ಕಳೆಯಲಿ ನೋಡೋಣ ಎಂದು ಹೋದರು. ಮಗುವಿಗೇನಾದರೂ ಆದರೆ ಹೆಂಡತಿಗೆ ಯಾವ ಮುಖ ತೋರಿಸಲಿ?

ಮಧ್ಯಾಹ್ನ ನಡುಮನೆಯಲ್ಲಿ ಮಲಗಿದ್ದ ಪುಟ್ಟಿ ಚಿತ್ರವನ್ನೇ ನೋಡುತ್ತ, “ಅಕ್ಕ ಅಳ್ತಾಳೆ” ಎಂದು ಕನವರಿಸಿದಳು. ಕೆಂಪಮ್ಮ ನನ್ನನ್ನು ಏನೂ ಕೇಳದೆ ಎದ್ದಳು. ಅರಿಶಿನ ಸವರಿದ ಅಕ್ಕಿ, ಬೆಲ್ಲ, ಕೊಬ್ಬರಿಯನ್ನು ತಟ್ಟೆಯಲ್ಲಿಟ್ಟು, ಮಣೆ ಹತ್ತಿ ಗೂಡಿನಲ್ಲಿರಿಸಿದಳು. “ತಗಳವ್ವ, ನಮ್ಮನೇ ಮಗಳು ಅನ್ಕೋ. ನಗ್ತಾ ಓಗು. ಈ ಕೂಸ್ನ ಮಾತ್ರ ನಮಗೆ ಬುಟ್ಬುಡು” ಎಂದು ಸೆರಗೊಡ್ಡಿದಳು. ಆಮೇಲೆ ಅವಳು ತನ್ನ ಮನೆಗೆ ಹೋದಳು.

ನಾನು ಮಗುವಿನ ಪಕ್ಕ ಬಿಟ್ಟು ಕದಲಲಿಲ್ಲ, ಕಣ್ಣೂ ಮುಚ್ಚಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮೈ ಬೆವತು ಜ್ವರ ಇಳಿಯಿತು. ಬೆವರು ಒರೆಸಲೆಂದು ಮಗುವಿನ ಮುಷ್ಟಿ ಬಿಡಿಸಿದೆ. ಒಳಗೆ ಅರಿಶಿನದ ಅಕ್ಕಿ! ಎದ್ದು ನೋಡಿದರೆ ಗೂಡಿನಲ್ಲಿದ್ದ ತಟ್ಟೆ ಬರಿದು. ಇಲಿ ತಿಂದಿರಬೇಕು ಅನ್ನಿ, ಒಪ್ಪುತ್ತೇನೆ. ಆದರೆ ಮುಷ್ಟಿಯೊಳಗಿನ ಅಕ್ಕಿ?

ಸ್ವಲ್ಪ ಹೊತ್ತಿಗೆ ಬಂದ ಕೆಂಪಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. “ಎಣ್ಮಕ್ಳು ಓಗೋವಾಗ ಮಡ್ಲಕ್ಕೀಲಿ ತವರಿಗೆ ಅಂತ ಒಂದಿಡಿ ಬುಟ್ಟೋಗಕಿಲ್ವಾ ಮೇಷ್ಟ್ರೇ? ಅವ್ಳೂ ಬುಟ್ಟೋಗವ್ಳೆ” ಎಂದು ತಟ್ಟೆ ತೊಳೆಯಲು ಹೋದಳು.

ಅಂದು ಏನು ನಡೆಯಿತೋ ನನಗೆ ಇವತ್ತಿಗೂ ತಿಳಿಯದು. ಪುಟ್ಟಿಗೀಗ ಮದುವೆಯಾಗಿದೆ. ಬಂದು ಹೋಗುವಾಗಲೆಲ್ಲ ಮಡಿಲಕ್ಕಿಯಲ್ಲಿ ಒಂದು ಹಿಡಿ ನಮಗೆಂದು ಬಿಡುತ್ತಾಳೆ. ಅವಳ ಗಾಡಿ ಮರೆಯಾದ ಮೇಲೆ ನಾನು ಅದನ್ನು ತೆಗೆದುಕೊಂಡು ಹೋಗಿ, ಆ ಚಿತ್ರದ ಮುಂದಿಡುತ್ತೇನೆ.