ಬಾಗಿಲು ಹಾಕಿಕೊಂಡು ತೊಳೆದ ಹಲ್ಲು

ರಾತ್ರಿ ಎಲ್ಲ ಮನೆಗಳ ಟಿ.ವಿ. ನಿಂತ ಮೇಲೆ ಗೋಡೆಯಾಚೆಯಿಂದ ‘ಟಿಣ್’ ಎಂದು ಒಂದು ಸಣ್ಣ ಸದ್ದು ಬರುತ್ತದೆ. ಮುಂಬಯಿಯ ಹೊರವಲಯದ ದಿವಾದ ಚಾಳಿನಲ್ಲಿ ಪಕ್ಕದ ಖೋಲಿಯ ಚಂದ್ರಬಾಯಿ ತಮ್ಮ ಹಲ್ಲಿನ ಸೆಟ್ ತೆಗೆದು ಸ್ಟೀಲ್ ಲೋಟದ ನೀರಿಗೆ ಹಾಕುವ ಸದ್ದು ಅದು. ಮನೆಯಲ್ಲಿ ಬೇರೆ ಯಾರಿಗೂ ಕೇಳಿಸುವುದಿಲ್ಲ. ಸುಗುಣಾ ಅವರಿಗೆ ಮಾತ್ರ ಎಚ್ಚರವಾಗುತ್ತದೆ. “ಕೆಲಸದ ಕಿವಿ ಅಲ್ವಾ,” ಎಂದು ನಗುತ್ತಾರೆ. ಆ ನಗು ಅರ್ಧಕ್ಕೇ ನಿಲ್ಲುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಅವರು ಠಾಣೆಯ ವರ್ತಕ ನಗರದ ಒಂದು ಫ್ಲ್ಯಾಟಿನಲ್ಲಿದ್ದಾರೆ. ಹಾಸಿಗೆ ಹಿಡಿದ ಅಜ್ಜಿಯ ತಲೆಯನ್ನು ಮೆಲ್ಲಗೆ ಒಂದು ಬದಿಗೆ ವಾಲಿಸಿ, ನೀರು ಗಂಟಲಿಗೆ ಇಳಿಯದಂತೆ ನೋಡಿಕೊಂಡು, ಬೆರಳಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ಒಸಡು ಒರೆಸುತ್ತಾರೆ. ಉಳಿದ ಕೆಲವು ಹಲ್ಲುಗಳಿಗೆ ಮಕ್ಕಳ ಬ್ರಶ್. ಅಜ್ಜಿ ಬೆರಳನ್ನು ಕಚ್ಚಿ ಹಿಡಿಯುತ್ತಾರೆ.

“ಕಚ್ಚಿ, ಕಚ್ಚಿ. ಇವತ್ತು ನಿಮಗೆ ನಾಷ್ಟಾ ಇದೇ.”

“ಅಕ್ಕಾ, ಗ್ಲೋವ್ಸ್ ಪೆಹೆನೋ ನಾ!” ಅಡುಗೆಮನೆಯಿಂದ ಸೊಸೆ ಶ್ರದ್ಧಾ ಕೂಗುತ್ತಾರೆ.

“ಹಾಕಿದ್ದೇನೆ ಮಾರಾಯ್ತಿ. ನಿನ್ನ ಅತ್ತೆಗೆ ಗ್ಲೋವ್ಸಿನ ರುಚಿಯೇ ಹಿಡಿಸಿದೆ.”

ಈ ತಮಾಷೆಯ ನಡುವೆಯೂ ಸುಗುಣಾ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಾರೆ. ಗಾಳಿಗೆ ಅದು ಮುಚ್ಚಿಕೊಳ್ಳುತ್ತ ಬಂದಾಗ ಕಾಲಿನಿಂದಲೇ ಒಂದು ಸ್ಟೂಲನ್ನು ಅಡ್ಡ ಸರಿಸುತ್ತಾರೆ.

ಉಡುಪಿ ಕಡೆಯ ಸುಗುಣಾ ಮದುವೆಯಾಗಿ ಡೊಂಬಿವಲಿಗೆ ಬಂದವರು. ಗಂಡ ಲತೇಶ್ ಕೌಂಟರ್ ನೋಡಿಕೊಳ್ಳುತ್ತಿದ್ದ ಹೋಟೆಲ್ ಮುಚ್ಚಿದಾಗ ಬಾಡಿಗೆ ಕಟ್ಟಲಾಗದೆ ಸಂಸಾರ ದಿವಾಕ್ಕೆ ಸರಿಯಿತು. ಸುಗುಣಾ ಠಾಣೆಯ ದಂತವೈದ್ಯರೊಬ್ಬರ ಬಳಿ ಸಹಾಯಕಿಯಾದರು. ಆ ವೈದ್ಯರು ವಯಸ್ಸಾಗಿ ಕ್ಲಿನಿಕ್ ಮುಚ್ಚುವಾಗ, ಕುರ್ಚಿ ಹತ್ತಲಾಗದ ಹಳೆಯ ರೋಗಿಗಳ ಮನೆಗೇ ಹೋಗಿ ಬಾಯಿ ತೊಳೆಸುವುದನ್ನು ಅವರಿಗೆ ಕಲಿಸಿಕೊಟ್ಟರು. ಈಗ ದಿನಕ್ಕೆ ನಾಲ್ಕೈದು ಮನೆ: ಠಾಣೆ, ಕಲ್ಯಾಣ, ಕೆಲವು ದಿನ ನವಿ ಮುಂಬಯಿ.

“ಹಲ್ಲು ತಿಕ್ಕಲಿಕ್ಕೂ ಜನ ಬೇಕಾ ಅಂತ ಕೇಳ್ತಾರೆ. ಸ್ನಾನ ಮಾಡಿಸಲಿಕ್ಕೆ ಯಾರಾದ್ರೂ ಸಿಗ್ತಾರೆ. ಬಾಯಿಯೊಳಗೆ ಕೈ ಹಾಕಲಿಕ್ಕೆ ಹೆತ್ತ ಮಕ್ಕಳೂ ಬರುದಿಲ್ಲ.”

ಬಾಗಿಲಿಗೆ ಯಾಕೆ ಸ್ಟೂಲ್ ಎಂದು ಠಾಣೆ ರೈಲು ನಿಲ್ದಾಣದಲ್ಲಿ ಕೇಳಿದೆ. ಹೇಳಲೆಂದೇ ಅವರು ಬಂದ ಒಂದು ಲೋಕಲ್ ರೈಲನ್ನು ಬಿಟ್ಟರು. “ಆ ಮನೆಯ ಗಂಡ ಹೆಂಡತಿ ಈಗ ಇಬ್ಬರೂ ಇಲ್ಲ. ಹೆಸರು ಹಾಕದಿದ್ರೆ ಬರೀರಿ,” ಎಂದರು. ಆದ್ದರಿಂದ ತಾರಾನಾಥ, ಜಯಲತಾ ಎಂಬುವು ನಾನು ಕೊಟ್ಟ ಹೆಸರುಗಳು.

ತಾರಾನಾಥರು ಹೋಟೆಲ್ ನಡೆಸುತ್ತಿದ್ದವರು. ಹೆಂಡತಿ ಬಾಣಂತನಕ್ಕೆ ಊರಿಗೆ ಹೋಗಿದ್ದಾಗ ಒಸಡಿನ ರೋಗದಿಂದಾಗಿ ಹಲ್ಲುಗಳನ್ನೆಲ್ಲ ಕೀಳಿಸಿ ಸೆಟ್ ಹಾಕಿಸಿಕೊಂಡರು. ಆಗಿನ್ನೂ ನಲವತ್ತು ದಾಟಿರಲಿಲ್ಲ. ಹೆಂಡತಿಯ ಮುಂದೆ ಬೊಚ್ಚುಬಾಯಿ ಎಂಬ ನಾಚಿಕೆ. ಊರಿನಿಂದ ಬಂದ ಜಯಲತಾ ಗಂಡನ ಬಿಳಿ ಹಲ್ಲು ನೋಡಿ ಬೆರಗಾದಾಗ, “ಡಾಕ್ಟ್ರ ಹತ್ರ ಕ್ಲೀನಿಂಗ್ ಮಾಡಿಸಿದೆ” ಎಂದುಬಿಟ್ಟರು. ಆಮೇಲೆ ಸೆಟ್ ಸರಿಮಾಡಿಸಲು ಹೊರಟಾಗಲೆಲ್ಲ ಅದೇ ಮಾತು: “ಕ್ಲೀನಿಂಗ್‌ಗೆ ಹೋಗಿ ಬರ್ತೇನೆ.” ರಾತ್ರಿ ದೀಪ ಆರಿದ ಮೇಲೆ ಸೆಟ್ ಲೋಟಕ್ಕೆ, ಬೆಳಿಗ್ಗೆ ಹೆಂಡತಿ ಏಳುವ ಮೊದಲೇ ಬಾಯಿಗೆ.

ವಯಸ್ಸಾದ ಮೇಲೆ ಪಾರ್ಶ್ವವಾಯು ಬಡಿದು ಕೈಯ ಸ್ವಾಧೀನ ತಪ್ಪಿತು. ಕ್ಲಿನಿಕ್ಕಿನ ಪರಿಚಯದ ಸುಗುಣಾ ಅವರನ್ನೇ ಬೆಳಿಗ್ಗೆ, ಸಂಜೆ ಕರೆಸಿಕೊಂಡರು. ಒಂದೇ ಶರತ್ತು: ಬಾಗಿಲು ಹಾಕಿರಬೇಕು.

ಮೊದಲ ವಾರವೇ ಜಯಲತಾ ಅಡುಗೆಮನೆಯಲ್ಲಿ ಸುಗುಣಾ ಅವರನ್ನು ತಡೆದು ನಿಲ್ಲಿಸಿದರು. “ಆಯ್ತಾ ನಿಮ್ಮ ಕ್ಲೀನಿಂಗು? ನನಗೆ ಊರಿಂದ ಬಂದ ರಾತ್ರಿಯೇ ಗೊತ್ತಾಗಿದೆ ಸುಗುಣಾ. ಲೋಟದ ಸದ್ದು ಕೇಳುದಿಲ್ವಾ? ನೀನು ಹೇಳ್ಬೇಡ, ಅವರಿಗೆ ನಾಚಿಕೆ ಆಗ್ತದೆ.”

ಕೆಲವು ತಿಂಗಳ ಮೇಲೆ, ಬಾಗಿಲ ಒಳಗೆ, ತಾರಾನಾಥರು ತೊದಲುತ್ತ ಹೇಳಿದರು: “ಅವಳಿಗೆ ಗೊತ್ತುಂಟು ಮಾರಾಯ್ತಿ. ಗೊತ್ತಿಲ್ಲದ ಹಾಗೆ ಮಾಡ್ತಾಳೆ, ಪಾಪ. ನನಗೆ ಗೊತ್ತಾಗಿದೆ ಅಂತ ಹೇಳ್ಬೇಡ.”

“ಇಬ್ಬರಿಗೂ ಹೂಂ ಅಂದೆ,” ಎನ್ನುತ್ತಾರೆ ಸುಗುಣಾ. “ಇಬ್ಬರ ಮಾತೂ ಉಳಿಸಿದೆ. ಅದೇ ತಪ್ಪಾಯ್ತು. ಒಬ್ಬರದ್ದಾದ್ರೂ ಮುರಿದಿದ್ರೆ ಅಮ್ಮ ಒಳಗೆ ಬಂದು ಅವರ ಪಕ್ಕದಲ್ಲಿ ಕೂತಿರ್ತಿದ್ರು.”

ಒಂದು ಬೆಳಿಗ್ಗೆ ಒಸಡು ಒರೆಸುತ್ತಿರುವಾಗಲೇ ತಾರಾನಾಥರ ಉಸಿರು ತಪ್ಪತೊಡಗಿತು. ಸುಗುಣಾ ಕೂಗಿ, ಓಡಿ, ಚಿಲಕ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊರಗೆ ಜಯಲತಾ ಎಂದಿನಂತೆ ಕಾಫಿ ಲೋಟ ಹಿಡಿದು ನಿಂತಿದ್ದರು.

“ಅಮ್ಮನಿಗೆ ನನ್ನ ಮುಖ ನೋಡಿಯೇ ಗೊತ್ತಾಯ್ತು. ಆದ್ರೂ ಒಳಗೆ ಬರ್ಲಿಲ್ಲ. ಆಚೆ ತಿರುಗಿ ನಿಂತು, ‘ಮೊದಲು ಹಲ್ಲು ಹಾಕು’ ಅಂದ್ರು. ಆ ಚಿಲಕ ಹಾಕಿದ್ದು ನಾನೇ.”

ಈಗ ಹೊಸ ಮನೆಗೆ ಹೋದಾಗ ಅವರು ಕೇಳಿಕೊಳ್ಳುವುದು ಒಂದೇ: ಮನೆಯವರು ಯಾರಾದರೂ ಒಳಗಿರಲಿ, ಇಲ್ಲವೇ ಬಾಗಿಲಾದರೂ ತೆರೆದಿರಲಿ. ಯಾಕೆಂದು ಹೇಳುವುದಿಲ್ಲ. ಒಪ್ಪದವರೂ ಇದ್ದಾರೆ. ಆಗ ಬೇಸರದಿಂದಲೇ ಬಾಗಿಲು ಮುಂದೆ ಮಾಡುತ್ತಾರೆ. ಚಿಲಕ ಮಾತ್ರ ಹಾಕುವುದಿಲ್ಲ.

ತಾರಾನಾಥರ ಉತ್ತರಕ್ರಿಯೆಯ ದಿನ ಸುಗುಣಾ ಊಟಕ್ಕೆ ಹೋಗಿದ್ದರು. ಹೊರಡುವಾಗ ಅವರನ್ನು ಜಯಲತಾ ಅದೇ ಕೋಣೆಗೆ ಕರೆದರು. ಖಾಲಿ ಮಂಚದ ಪಕ್ಕದಲ್ಲಿ ಸ್ಟೀಲ್ ಲೋಟ ಇನ್ನೂ ಇತ್ತು.

“ಒಂದು ಕೇಳ್ತೇನೆ. ನನಗೆ ಗೊತ್ತಿತ್ತು ಅಂತ ಅವರಿಗೆ ಗೊತ್ತಾಗ್ಲಿಲ್ಲ ಅಲ್ವಾ?”

“ಇಲ್ಲಮ್ಮ. ಗೊತ್ತಾಗ್ಲಿಲ್ಲ.”

“ಅಷ್ಟಾದರೂ ಆಯ್ತಲ್ಲ,” ಎಂದು ಜಯಲತಾ ಲೋಟವನ್ನು ಸೆರಗಿನಿಂದ ಒರೆಸಿದರು.

ಅಂದು ದಿವಾಕ್ಕೆ ಹೊರಟ ಲೋಕಲ್‌ನಲ್ಲಿ, ಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ ನಿಂತುಕೊಂಡೇ, ತಾರಾನಾಥರಿಗೂ ಗೊತ್ತಿತ್ತೆಂಬುದನ್ನು ಆ ಅಮ್ಮ ಬದುಕಿರುವ ತನಕ ಯಾರಿಗೂ ಹೇಳಬಾರದೆಂದು ಸುಗುಣಾ ನಿಶ್ಚಯಿಸಿದರು.